ಚರಂಡಿಯ ಹೂಳಿನಲ್ಲಿ ಅಡಗಿದ ವಿಷ: ಹುಡುಕುವುದು ಹೇಗೆ, ತೆಗೆಯುವುದು ಹೇಗೆ

ನಗರದ ಮಳೆನೀರು ಚರಂಡಿ ನದಿಗೆ ಸೇರುವ ಬಾಯಿಯ ಬಳಿ ಮಳೆಯಿಲ್ಲದ ದಿನ ಹೋಗಿ ನಿಂತರೆ ಕಾಣುವುದು ಪಾದ ಮುಳುಗದಷ್ಟು ತಿಳಿನೀರು. ಅದನ್ನು ಬಾಟಲಿಗೆ ತುಂಬಿ ಪ್ರಯೋಗಾಲಯಕ್ಕೆ ಕೊಟ್ಟರೆ ವರದಿಯಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲದಿರಬಹುದು. ಅದೇ ಬಾಯಿಯೆದುರು ಬೆಳೆದ ಮೀನಿನ ಕೊಬ್ಬನ್ನು ಪರೀಕ್ಷಿಸಿದಾಗ ಮಾತ್ರ, ಗರ್ಭಿಣಿಯರೂ ಮಕ್ಕಳೂ ಇದನ್ನು ತಿನ್ನಬಾರದು ಎಂದು ದಡದಲ್ಲಿ ಫಲಕ ನೆಡಬೇಕಾಗುವಷ್ಟು ವಿಷ ಸಿಗುತ್ತದೆ. ನೀರಿನ ವರದಿ ಸುಳ್ಳಲ್ಲ, ಮೀನಿನ ವರದಿಯೂ ಸುಳ್ಳಲ್ಲ. ಇವೆರಡೂ ಒಟ್ಟಿಗೆ ನಿಜವಾಗಿರುವುದು ಹೇಗೆಂದು ತಿಳಿದರೆ, ವಿಷಪೂರಿತ ಚರಂಡಿಯನ್ನು ಶುಚಿಮಾಡುವ ಕೆಲಸದ ಅರ್ಧ ತಿಳಿದಂತೆ.

ಉತ್ತರವಿರುವುದು ಕೊಳವೆಯ ತಳದಲ್ಲಿ ಕುಳಿತ ಹೂಳಿನಲ್ಲಿ. ಆದರೆ ಹೂಳಿಗೆ ಬರುವ ಮೊದಲು ಚರಂಡಿಯ ಬಗ್ಗೆಯೇ ಒಂದು ಮಾತು ಹೇಳಬೇಕು.

ಚರಂಡಿ ಎಂಬ ಒಂದೇ ಪದದಿಂದ ನಾವು ಎರಡು ಬೇರೆ ವ್ಯವಸ್ಥೆಗಳನ್ನು ಕರೆಯುತ್ತೇವೆ. ಮನೆಯ ಶೌಚಾಲಯ, ಬಚ್ಚಲು, ಅಡುಗೆಮನೆಯ ಕೊಳಕು ನೀರು ಹೋಗುವುದು ಒಳಚರಂಡಿಗೆ. ಅದರ ಕೊನೆಯಲ್ಲಿ ಶುದ್ಧೀಕರಣ ಘಟಕವಿರುತ್ತದೆ, ಕನಿಷ್ಠಪಕ್ಷ ಇರಬೇಕು. ರಸ್ತೆ, ಚಾವಣಿ, ಕಾರ್ಖಾನೆಯ ಅಂಗಳ, ವಾಹನ ನಿಲುಗಡೆಯ ಜಾಗಗಳ ಮೇಲೆ ಬಿದ್ದ ಮಳೆ ಹೋಗುವುದು ಮಳೆನೀರು ಚರಂಡಿಗೆ. ಅದರ ಕೊನೆಯಲ್ಲಿ ಯಾವ ಘಟಕವೂ ಇಲ್ಲ. ಅದು ನೇರವಾಗಿ ಹಳ್ಳಕ್ಕೆ, ಕೆರೆಗೆ, ನದಿಗೆ, ಸಮುದ್ರಕ್ಕೆ ಹೋಗುತ್ತದೆ. ಪ್ರವಾಹ ಬಾರದಂತೆ ನೀರನ್ನು ಆದಷ್ಟು ಬೇಗ ಊರಾಚೆಗೆ ಸಾಗಿಸುವುದಷ್ಟೇ ಅದರ ಉದ್ದೇಶ. ರಸ್ತೆಬದಿಯ ಕಬ್ಬಿಣದ ಜಾಲರಿಯೊಳಗೆ ಯಾರೋ ಸುರಿದ ಹಳೆಯ ಎಂಜಿನ್ ಎಣ್ಣೆಗೂ ನದಿಗೂ ನಡುವೆ ಖಾಲಿ ಕೊಳವೆಯೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಹಳೆಯ ಕೆಲವು ನಗರಗಳಲ್ಲಿ ಎರಡೂ ನೀರು ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಅಲ್ಲಿಯೂ ದೊಡ್ಡ ಮಳೆ ಬಂದಾಗ ಘಟಕಕ್ಕೆ ಹಿಡಿಸದ ನೀರು ತುಂಬಿ ಹರಿದು ನದಿಗೇ ಸೇರುತ್ತದೆ.

ವಿಷ ಎಲ್ಲಿಂದ ಬರುತ್ತದೆ?

ಒಮ್ಮೆಗೇ ನುಗ್ಗುವ ವಿಷ ಎಲ್ಲರ ಕಣ್ಣಿಗೂ ಬೀಳುತ್ತದೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹೊಡೆದ ನೀರು ಗೋದಾಮಿನಲ್ಲಿದ್ದ ಕೀಟನಾಶಕಗಳನ್ನೂ ಬಣ್ಣವನ್ನೂ ಹೊತ್ತು ಚರಂಡಿಗಳ ಮೂಲಕ ರೈನ್ ನದಿಗೆ ಇಳಿಯಿತು. ನದಿ ಕೆಂಪಾಯಿತು, ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತು ತೇಲಿದವು. ರಾಸಾಯನಿಕ ಗೋದಾಮುಗಳ ಸುತ್ತ ಬೆಂಕಿ ಆರಿಸಿದ ನೀರನ್ನು ಹಿಡಿದಿಡುವ ತೊಟ್ಟಿಗಳು ಬೇಕೆಂಬ ಮಾತು ಯೂರೋಪಿನಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಆ ಘಟನೆಯ ನಂತರ.

ಇಂಥ ಅವಘಡಗಳಲ್ಲಿ ಮಾಡಬೇಕಾದದ್ದು ಕಷ್ಟವಾದರೂ ಸ್ಪಷ್ಟ: ಸೋರಿಕೆ ನಿಲ್ಲಿಸಿ, ಜಾಲರಿಗಳನ್ನು ಮುಚ್ಚಿ, ಕೊಳವೆಯ ಕೆಳತುದಿಗೆ ಗಾಳಿ ತುಂಬಿದ ರಬ್ಬರ್ ಬಿರಡೆ ಹಾಕಿ, ಒಳಗೆ ನಿಂತದ್ದನ್ನು ಹೀರಿ ತೆಗೆಯಬೇಕು. ನಾನು ಹೆಚ್ಚು ಬರೆಯಬೇಕೆಂದಿರುವುದು ಇನ್ನೊಂದು ಬಗೆಯ ಮಾಲಿನ್ಯದ ಬಗ್ಗೆ. ಅದು ದಶಕಗಳ ಕಾಲ ಚಿಟಿಕೆ ಚಿಟಿಕೆಯಾಗಿ ಇಳಿದು ಕುಳಿತದ್ದು. ಅದಕ್ಕೆ ಸುದ್ದಿಯಿಲ್ಲ, ಬಣ್ಣವಿಲ್ಲ, ಹಲವು ವೇಳೆ ವಾಸನೆಯೂ ಇಲ್ಲ.

ಹೀಗೆ ಕುಳಿತ ವಿಷಗಳಲ್ಲಿ ಅತ್ಯಂತ ಹಠಮಾರಿ ಪಿಸಿಬಿ, ಅಂದರೆ ಪಾಲಿಕ್ಲೋರಿನೇಟೆಡ್ ಬೈಫಿನೈಲ್. ಸುಲಭವಾಗಿ ಸುಡದ, ವಿದ್ಯುತ್ ಹರಿಯಗೊಡದ, ಕೆಡದ ಎಣ್ಣೆ ಎಂಬ ಕಾರಣಕ್ಕೆ 1929ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರು. ಟ್ರಾನ್ಸ್‌ಫಾರ್ಮರ್, ಕೆಪ್ಯಾಸಿಟರ್‌ಗಳಲ್ಲಿ ತುಂಬಿದರು. ಬಣ್ಣದಲ್ಲಿ ಬೆರೆಸಿದರು. ಕಟ್ಟಡಗಳ ಕಿಟಕಿಯ ಸಂದು, ಕಾಂಕ್ರೀಟ್ ಹಾಸುಗಳ ನಡುವಿನ ಬಿರುಕು ತುಂಬುವ ಮೆತ್ತನೆಯ ಅಂಟಿನಲ್ಲಿಯೂ ಸೇರಿಸಿದರು. ಕೆಡುವುದಿಲ್ಲ ಎಂಬ ಗುಣವೇ ಮುಂದೆ ಶಾಪವಾಯಿತು. ಅಮೆರಿಕ 1979ರಲ್ಲಿ ಇದರ ತಯಾರಿಕೆಯನ್ನು ನಿಷೇಧಿಸಿತು. 2001ರ ಸ್ಟಾಕ್‌ಹೋಮ್ ಒಪ್ಪಂದ ಜಗತ್ತಿನಾದ್ಯಂತ ಇದನ್ನು ಇಲ್ಲವಾಗಿಸಲು ಹೊರಟಿತು. ಆದರೂ ಹಳೆಯ ಗೋಡೆಯ ಅಂಟು ಇಂದಿಗೂ ಬಿಸಿಲಿಗೆ ಒಣಗಿ ಪುಡಿಯಾಗಿ ಮಳೆಯಲ್ಲಿ ತೊಳೆದು ಹೋಗುತ್ತಲೇ ಇದೆ.

ಇದರ ಜೊತೆಗೆ ಸೀಸ, ಪಾದರಸ, ಟೈರು ಮತ್ತು ತಗಡಿನ ಚಾವಣಿಗಳಿಂದ ಬರುವ ಸತು, ವಾಹನಗಳ ಬ್ರೇಕ್ ಸವೆದು ಉದುರುವ ತಾಮ್ರ, ಎಣ್ಣೆ ಮತ್ತು ಡಾಂಬರಿನಿಂದ ಬರುವ ಪಿಎಎಚ್ ಎಂಬ ಸಂಯುಕ್ತಗಳು, ಬೆಂಕಿ ಆರಿಸುವ ನೊರೆಯಲ್ಲಿನ ಪಿಎಫ್‌ಎಎಸ್ ರಾಸಾಯನಿಕಗಳು ಸೇರುತ್ತವೆ. ಪಟ್ಟಿ ಉದ್ದವಿದೆ. ಆದರೆ ಇವುಗಳಲ್ಲಿ ಬಹುಪಾಲಿಗೆ ಒಂದು ಸಮಾನ ಗುಣವಿದೆ, ಇಡೀ ಶುಚಿಕಾರ್ಯ ನಿಂತಿರುವುದು ಆ ಗುಣದ ಮೇಲೆ. ಅವು ನೀರಿನಲ್ಲಿ ಕರಗಿ ಹರಿಯುವುದಕ್ಕಿಂತ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದನ್ನು ಇಷ್ಟಪಡುತ್ತವೆ. ಪಿಎಫ್‌ಎಎಸ್ ಇದಕ್ಕೆ ಅಪವಾದ. ಅದರಲ್ಲಿ ಹೆಚ್ಚಿನದು ನೀರಿನ ಜೊತೆಯೇ ಸಾಗುವುದರಿಂದ ಅದನ್ನು ಹಿಡಿಯುವ ದಾರಿಯೂ ಬೇರೆ.

ಹೂಳಿನ ಲೆಕ್ಕ

ಪಿಸಿಬಿಗೆ ನೀರೆಂದರೆ ಆಗದು, ಕೊಬ್ಬು ಮತ್ತು ಸಾವಯವ ವಸ್ತುವೆಂದರೆ ಪ್ರೀತಿ. ಮಳೆನೀರಿನಲ್ಲಿ ಬಂದ ಅದರ ಅಣು ಕೊಳೆತ ಎಲೆಯ ಚೂರನ್ನೋ ನುಣುಪು ಜೇಡಿಯ ಕಣವನ್ನೋ ಹಿಡಿದುಕೊಂಡು ಕೊಳವೆಯ ತಳದಲ್ಲಿ ಕೂರುತ್ತದೆ. ಮರಳಿನ ದಪ್ಪ ಕಣಕ್ಕಿಂತ ಜೇಡಿಯ ಸಣ್ಣ ಕಣಗಳಿಗೆ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಬಹಳ ಹೆಚ್ಚು, ಹಾಗಾಗಿ ವಿಷವೂ ಅವುಗಳಲ್ಲಿ ಹೆಚ್ಚು. ಮಳೆಯಿಲ್ಲದ ದಿನ ತೆಗೆದ ನೀರಿನಲ್ಲಿ ವಿಷ ಕಾಣದಿರುವುದು ಇದಕ್ಕೇ. ಜೋರು ಮಳೆ ಬಂದಾಗ ಆ ನುಣುಪು ಹೂಳು ಎದ್ದು ನದಿಗೆ ಹೋಗುತ್ತದೆ, ನದಿಯ ತಳದಲ್ಲಿ ಮತ್ತೆ ಕೂರುತ್ತದೆ. ಅಲ್ಲಿ ಹುಳುಗಳು ಅದನ್ನು ತಿನ್ನುತ್ತವೆ, ಹುಳುಗಳನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು. ಪ್ರತಿ ಮೆಟ್ಟಿಲಿನಲ್ಲಿಯೂ ವಿಷ ಕೊಬ್ಬಿನಲ್ಲಿ ಉಳಿದು ಸಾಂದ್ರವಾಗುತ್ತ ಹೋಗುತ್ತದೆ.

ಪ್ರಮಾಣದ ಅಂದಾಜಿಗೆ ಒಂದು ಲೆಕ್ಕ ಮಾಡೋಣ. 60 ಸೆಂಟಿಮೀಟರ್ ವ್ಯಾಸದ, ಒಂದು ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಏಳೆಂಟು ಸೆಂಟಿಮೀಟರ್ ಆಳ ಹೂಳು ಕುಳಿತಿದೆ ಎಂದುಕೊಳ್ಳಿ. ಅದು ಸುಮಾರು 20 ಘನ ಮೀಟರ್ ಆಗುತ್ತದೆ, ಒಣಗಿಸಿದರೆ ಹೆಚ್ಚುಕಡಿಮೆ 20 ಟನ್. ಅದರಲ್ಲಿ ಪಿಸಿಬಿ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 10 ಪಾಲು) ಇದೆ ಎಂದರೆ ಪ್ರತಿ ಟನ್ನಿಗೆ 10 ಗ್ರಾಂ. ಅಂದರೆ ಇಡೀ ಕಿಲೋಮೀಟರ್ ಉದ್ದದಲ್ಲಿ ಇರುವ ವಿಷ 200 ಗ್ರಾಂ, ಒಂದು ಸಣ್ಣ ಲೋಟದಷ್ಟು. ಆ ಒಂದು ಲೋಟಕ್ಕಾಗಿ 20 ಟನ್ ಹೂಳನ್ನೂ ಅದನ್ನು ಎಬ್ಬಿಸಲು ಬಳಸಿದ ಲಕ್ಷಾಂತರ ಲೀಟರ್ ನೀರನ್ನೂ ವಿಷವೆಂದೇ ಭಾವಿಸಿ ಸಂಭಾಳಿಸಬೇಕು. ಇಷ್ಟೊಂದು ಖರ್ಚು ಯಾಕೆ ಎಂದು ಕೇಳುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ. ಲೋಟದಲ್ಲಿ ಇದ್ದಾಗ ಅದನ್ನು ಎತ್ತಿಡುವುದು ಒಬ್ಬರ ಐದು ನಿಮಿಷದ ಕೆಲಸವಾಗಿತ್ತು.

ಹುಡುಕುವುದು ಕೆಳಗಿನಿಂದ ಮೇಲಕ್ಕೆ

ಚರಂಡಿಯಲ್ಲಿ ವಿಷವಿದೆ ಎಂದು ಗೊತ್ತಾದ ಕೂಡಲೇ ಯಂತ್ರ ತಂದು ತೊಳೆದುಬಿಡಬೇಕು ಎನಿಸುವುದು ಸಹಜ. ಜನರೂ ಅದನ್ನೇ ಕೇಳುತ್ತಾರೆ, ಅಧಿಕಾರಿಗಳಿಗೂ ಅದು ಕಣ್ಣಿಗೆ ಕಾಣುವ ಕೆಲಸ. ಆದರೆ ಮೂಲ ಗೊತ್ತಿಲ್ಲದೆ ತೊಳೆದ ಕೊಳವೆ ಮುಂದಿನ ಮಳೆಗಾಲದೊಳಗೆ ಮತ್ತೆ ವಿಷ ತುಂಬಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೂಲ ಎಲ್ಲಿದೆ ಎಂದು ಹೇಳಬಲ್ಲ ಒಂದೇ ಸಾಕ್ಷಿಯಾದ ಆ ಹೂಳನ್ನು ನಾವೇ ಎತ್ತಿ ಎಸೆದಿರುತ್ತೇವೆ.

ಹಾಗಾಗಿ ಮೊದಲ ಕೆಲಸ ಪತ್ತೆದಾರಿಕೆ. ಚರಂಡಿಯ ನಕ್ಷೆ ಮರದಂತಿರುತ್ತದೆ: ನದಿಯ ಬಾಯಿ ಅದರ ಬುಡ, ಬೀದಿ ಬೀದಿಯ ಕೊಳವೆಗಳು ಅದರ ಕೊಂಬೆ. ಬುಡದಿಂದ ಹೊರಟು ಕವಲು ಬಂದಲ್ಲೆಲ್ಲ ಎರಡೂ ಕಡೆಯ ಹೂಳಿನ ಮಾದರಿ ತೆಗೆಯುತ್ತಾರೆ. ಬಾಯಿಯಲ್ಲಿ 8 ಪಿಪಿಎಂ ಸಿಕ್ಕಿತೆನ್ನಿ. ಮೊದಲ ಕವಲಿನ ಎಡಗೊಂಬೆಯಲ್ಲಿ ಏನೂ ಇಲ್ಲವೆನ್ನುವಷ್ಟು, ಬಲಗೊಂಬೆಯಲ್ಲಿ 14. ಎಡಗೊಂಬೆಯನ್ನು ಪಟ್ಟಿಯಿಂದ ಕೈಬಿಡಬಹುದು. ಬಲಗೊಂಬೆಯಲ್ಲಿ ಮೇಲೇರಿದರೆ ಬೇರೆ ಕೊಳವೆಗಳಿಂದ ಬಂದ ಶುದ್ಧ ಮಣ್ಣಿನ ಬೆರಕೆ ಕಡಿಮೆಯಾಗುತ್ತ ಸಂಖ್ಯೆ 40ಕ್ಕೆ ಏರುತ್ತದೆ. ಮುಂದಿನ ಆಳುಗುಂಡಿಯಲ್ಲಿ (ಮ್ಯಾನ್‌ಹೋಲ್) ಥಟ್ಟನೆ ಇಲ್ಲವಾಗುತ್ತದೆ. ಮೂಲ ಆ ಎರಡು ಆಳುಗುಂಡಿಗಳ ನಡುವೆ ಎಲ್ಲೋ ಇದೆ. ಈಗ ಆ ನೂರು ಮೀಟರ್‌ಗೆ ಬಂದು ಸೇರುವ ಪ್ರತಿ ಅಂಗಳದ ಜಾಲರಿಯ ಕೆಳಗಿನ ಮಣ್ಣನ್ನು ಕೆರೆದು ನೋಡಬೇಕು.

ಕೆಲವು ಕೊಳವೆಗಳಲ್ಲಿ ಹೂಳೇ ನಿಲ್ಲುವುದಿಲ್ಲ. ಅಲ್ಲಿ ಒಳಗೋಡೆಗೆ ಅಗಲ ಬಾಯಿಯ ಬಾಟಲಿಗಳನ್ನು ಕಟ್ಟಿ ಆರು ತಿಂಗಳೋ ಒಂದು ವರ್ಷವೋ ಬಿಡುತ್ತಾರೆ. ಪ್ರತಿ ಮಳೆಯಲ್ಲಿಯೂ ಹರಿದು ಬರುವ ನುಣುಪು ಮಣ್ಣು ಅದರಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಒಂದು ಮಳೆಯ ಒಂದು ಲೋಟ ನೀರು ಹೇಳುವುದಕ್ಕಿಂತ ನಂಬಿಕೆಗೆ ಅರ್ಹವಾದ ಕತೆಯನ್ನು ಈ ಬಾಟಲಿ ಹೇಳುತ್ತದೆ. ಇದರ ಜೊತೆಗೆ ಕೊಳವೆಯೊಳಗೆ ಕ್ಯಾಮೆರಾ ಇಳಿಸುವುದು, ಅನುಮಾನವಿರುವ ಸಂಪರ್ಕಕ್ಕೆ ಬಣ್ಣದ ನೀರು ಬಿಟ್ಟು ಅದು ಎಲ್ಲಿ ಹೊರಬರುತ್ತದೆಂದು ನೋಡುವುದು ಸಾಮಾನ್ಯ. ನೆಲಮಹಡಿಯ ಕಾರ್ಯಾಗಾರದ ತೊಟ್ಟಿಯನ್ನು ಒಳಚರಂಡಿಗೆ ಜೋಡಿಸುವ ಬದಲು ಮಳೆನೀರು ಕೊಳವೆಗೆ ಜೋಡಿಸಿರುವುದು ಹೀಗೆಯೇ ಬಯಲಾಗುತ್ತದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಪಿಸಿಬಿಯ ವಾಸನೆ ಹಿಡಿಯಲು ತರಬೇತಿ ಪಡೆದ ನಾಯಿಯನ್ನೂ ಈ ಹುಡುಕಾಟದಲ್ಲಿ ಬಳಸಿದ್ದಾರೆ.

ರಸಾಯನಶಾಸ್ತ್ರವೂ ಸುಳಿವು ಕೊಡುತ್ತದೆ. ಪಿಸಿಬಿ ಎಂಬುದು ಒಂದೇ ವಸ್ತುವಲ್ಲ, 209 ಸಂಯುಕ್ತಗಳ ಕುಟುಂಬ. ಕಂಪನಿಗಳು ಇವುಗಳ ಮಿಶ್ರಣವನ್ನು ಬೇರೆ ಬೇರೆ ಸಂಖ್ಯೆಗಳಲ್ಲಿ ಮಾರುತ್ತಿದ್ದವು. ಅರೋಕ್ಲೋರ್ ಅಂಥ ಒಂದು ಮಾರಾಟದ ಹೆಸರು: ಅರೋಕ್ಲೋರ್ 1254 ಎಂದರೆ ತೂಕದಲ್ಲಿ ಶೇ 54ರಷ್ಟು ಕ್ಲೋರಿನ್, 1260 ಎಂದರೆ ಶೇ 60ರಷ್ಟು. ಹೂಳಿನಲ್ಲಿ ಯಾವ ಸಂಯುಕ್ತ ಎಷ್ಟಿದೆ ಎಂಬುದು ಬೆರಳಚ್ಚಿನಂತೆ. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಅಚ್ಚು ಮತ್ತು ಗೋಡೆಯ ಅಂಟಿನ ಅಚ್ಚು ಹಲವು ವೇಳೆ ಬೇರೆ ಬೇರೆಯಾಗಿರುತ್ತವೆ.

ಪತ್ತೆದಾರಿಕೆ ಎಷ್ಟು ಅನಿರೀಕ್ಷಿತ ಜಾಗಕ್ಕೆ ಕರೆದೊಯ್ಯಬಹುದು ಎಂಬುದಕ್ಕೆ ಅಮೆರಿಕದ ಆಸ್ಟಿನ್ ನಗರ ಉದಾಹರಣೆ. ಅಲ್ಲಿನ ತೊರೆಗಳ ಹೂಳಿನಲ್ಲಿ ಪಿಎಎಚ್ ವಿಪರೀತವಿತ್ತು. ವಾಹನಗಳ ಹೊಗೆ, ಎಣ್ಣೆಯ ಸೋರಿಕೆ ಎಂದು ಎಲ್ಲರೂ ಊಹಿಸಬಹುದಾದದ್ದೇ. ತಜ್ಞರು ಹರಿವಿನಗುಂಟ ಮೇಲೇರಿದಾಗ ಸಿಕ್ಕಿದ್ದು ವಾಹನ ನಿಲುಗಡೆಯ ಜಾಗಗಳಿಗೆ ಹೊಳೆಯುವ ಕಪ್ಪು ಬಣ್ಣ ಬರಲೆಂದು ಬಳಿಯುತ್ತಿದ್ದ ಕಲ್ಲಿದ್ದಲು ಟಾರಿನ ಲೇಪ. ಅಂಥ ಲೇಪವಿದ್ದ ಜಾಗಗಳಿಂದ ತೊಳೆದುಬಂದ ಕಣಗಳಲ್ಲಿ, ಲೇಪವಿಲ್ಲದ ಜಾಗಗಳ ಕಣಗಳಿಗಿಂತ ಸರಾಸರಿ 65 ಪಟ್ಟು ಹೆಚ್ಚು ಪಿಎಎಚ್ ಇತ್ತು. 2006ರಿಂದ ಆಸ್ಟಿನ್ ಆ ಲೇಪವನ್ನು ನಿಷೇಧಿಸಿತು. ಒಂದೇ ಒಂದು ಕೊಳವೆಯನ್ನೂ ತೊಳೆಯದೆ ಮಾಡಿದ ಅತ್ಯುತ್ತಮ ಚರಂಡಿ ಶುಚಿಕಾರ್ಯ ಇದು ಎಂದು ನಾನು ನಂಬಿದ್ದೇನೆ.

ಸಿಯಾಟಲ್‌ನ ಕತೆ ಇನ್ನೂ ಉದ್ದ. ಅಲ್ಲಿ ನಗರದ ನಡುವೆ ಹರಿಯುವ ಡುವಾಮಿಶ್ ನದಿಯ ಕೆಳಭಾಗದ ಸುಮಾರು ಐದು ಮೈಲಿಯನ್ನು 2001ರಲ್ಲಿ ಅಮೆರಿಕದ ಅತಿ ಕಲುಷಿತ ತಾಣಗಳ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿದರು. ನದಿಯಿಂದ ಒಳಚಾಚಿದ ಸ್ಲಿಪ್ 4 ಎಂಬ ಪುಟ್ಟ ಕೈಯಲ್ಲಿ ಪಿಸಿಬಿ ಹೆಚ್ಚಿತ್ತು, ಅದನ್ನು ಬೇಗ ತೋಡಿ ತೆಗೆಯಬೇಕೆಂದು ತೀರ್ಮಾನವೂ ಆಯಿತು. ಆದರೆ ಅಲ್ಲಿಗೆ ಬಂದು ಬೀಳುವ ಮಳೆನೀರು ಕೊಳವೆಯ ಹೂಳಿನಲ್ಲಿ ಇನ್ನೂ ಪಿಸಿಬಿ ಬರುತ್ತಿತ್ತು. ಜಾಡು ಹಿಡಿದು ಮೇಲೇರಿದರೆ ನಾರ್ತ್ ಬೋಯಿಂಗ್ ಫೀಲ್ಡ್ ಎಂಬ ವಿಮಾನ ಅಂಗಳ. ಅಲ್ಲಿನ ಕಾಂಕ್ರೀಟ್ ಹಾಸುಗಳ ನಡುವಿನ ಸಂದುಗಳಲ್ಲಿ ದಶಕಗಳ ಹಿಂದೆ ತುಂಬಿದ್ದ ಅಂಟಿನಲ್ಲಿ ಪಿಸಿಬಿ ಇತ್ತು. ಕಾಲಿಗೆ ಸಿಗುವ ಕಪ್ಪು ಗೆರೆಗಳು! ಯಾರಿಗೆ ತಾನೇ ಅನುಮಾನ ಬರಬೇಕು? ಅಂಟನ್ನು ಕೆತ್ತಿ ತೆಗೆದರು, ಕೊಳವೆಗಳನ್ನು ಶುಚಿಮಾಡಿದರು, ಅಲ್ಲಿನ ಮಳೆನೀರನ್ನು ಸೋಸಿ ಬಿಡುವ ಘಟಕವನ್ನು ಕಟ್ಟಿದರು. ಅಲ್ಲಿಯವರೆಗೆ ಸ್ಲಿಪ್ 4ರ ಕೆಲಸವನ್ನು ತಡೆದಿಟ್ಟರು. ಅದು ಮುಗಿದದ್ದು 2012ರ ಆರಂಭದಲ್ಲಿ. ತಡವಾಯಿತೆಂದು ಕಾಯುತ್ತಿದ್ದ ಜನರ ಬೇಸರ ನ್ಯಾಯವಾದದ್ದೇ, ಆದರೂ ತಡೆದಿಟ್ಟದ್ದು ಸರಿಯಾದ ನಿರ್ಧಾರ. ಮೇಲಿನಿಂದ ವಿಷ ಇಳಿಯುತ್ತಿರುವಾಗ ಕೆಳಗೆ ತೋಡುವುದೆಂದರೆ ಹಣವನ್ನು ನದಿಗೆ ಸುರಿದಂತೆ.

ಎಲ್ಲ ಮೂಲಗಳೂ ಹೀಗೆ ಒಂದು ಅಂಗಳಕ್ಕೆ ಬಂದು ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಸಿಯಾಟಲ್‌ಗೆ ಹತ್ತಿರದ ಟಕೋಮಾ ನಗರದಲ್ಲಿ ಶುಚಿಮಾಡಿದ ಜಲಮಾರ್ಗದ ತಳದಲ್ಲಿ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬಳಸುವ ಥಾಲೇಟ್‌ಗಳು ಮತ್ತೆ ಕಾಣಿಸಿಕೊಂಡವು. ಯಾವ ಕಾರ್ಖಾನೆಯೂ ಅದನ್ನು ಸುರಿದಿರಲಿಲ್ಲ. ಊರಿನ ಅಸಂಖ್ಯ ಪ್ಲಾಸ್ಟಿಕ್ ವಸ್ತುಗಳಿಂದ ಅದು ಆವಿಯಾಗಿ ಗಾಳಿಯ ಧೂಳಿಗೆ ಅಂಟಿ, ಧೂಳು ರಸ್ತೆಗೆ ಬಿದ್ದು, ಮಳೆಗೆ ತೊಳೆದು ಬರುತ್ತಿತ್ತು. ಇಂಥ ಮೂಲವನ್ನು ಆಳುಗುಂಡಿಯಿಂದ ಆಳುಗುಂಡಿಗೆ ಹತ್ತಿ ಹಿಡಿಯಲಾಗದು.

ತೊಳೆಯುವುದು ಮೇಲಿನಿಂದ ಕೆಳಕ್ಕೆ

ಮೂಲ ಸಿಕ್ಕಿ ಅದನ್ನು ನಿಲ್ಲಿಸಿದ ಮೇಲೆ ಕೊಳವೆಯ ಸರದಿ. ಈಗ ದಿಕ್ಕು ತಿರುಗುತ್ತದೆ. ಹುಡುಕಾಟ ನದಿಯ ಬಾಯಿಯಿಂದ ಮೇಲಕ್ಕೆ ಹತ್ತಿತ್ತು, ಶುಚಿಕಾರ್ಯ ಕೊಂಬೆಯ ತುದಿಯಿಂದ ಕೆಳಕ್ಕೆ ಇಳಿಯಬೇಕು. ಕೆಳಗಿನ ಭಾಗವನ್ನು ಮೊದಲು ತೊಳೆದರೆ ಮೇಲಿನದನ್ನು ತೊಳೆಯುವಾಗ ಎದ್ದ ಕೊಳೆ ಅದನ್ನೇ ಮತ್ತೆ ಕೆಡಿಸುತ್ತದೆ. ಕಾಲವೂ ಮುಖ್ಯ: ಮಳೆಯಿಲ್ಲದ ತಿಂಗಳುಗಳಲ್ಲಿಯೇ ಮುಗಿಸಬೇಕು. ಅರ್ಧ ಎಬ್ಬಿಸಿದ ಹೂಳಿನ ಮೇಲೆ ಒಂದು ರಾತ್ರಿಯ ಮಳೆ ಬಿದ್ದರೆ, ಹತ್ತಾರು ವರ್ಷಗಳಲ್ಲಿ ಇಳಿಯಬೇಕಿದ್ದ ವಿಷ ಒಂದೇ ರಾತ್ರಿಯಲ್ಲಿ ನದಿಗೆ ಇಳಿಯುತ್ತದೆ.

ಕೆಲಸ ನಡೆಯುವುದು ತುಂಡು ತುಂಡಾಗಿ. ಒಂದು ತುಂಡಿನ ಎರಡೂ ತುದಿಗೆ ಬಿರಡೆ ಹಾಕುತ್ತಾರೆ. ಮೇಲಿನಿಂದ ಬರುವ ನೀರನ್ನು ಪಂಪ್ ಮಾಡಿ ಆ ತುಂಡನ್ನು ದಾಟಿಸಿ ಕೆಳಗೆ ಬಿಡುತ್ತಾರೆ. ಆಮೇಲೆ ಕೆಳಗಿನ ಆಳುಗುಂಡಿಯಿಂದ ಜೆಟ್ಟಿಂಗ್ ಯಂತ್ರದ ಕೊಳವೆಯನ್ನು ಒಳಗೆ ಬಿಡುತ್ತಾರೆ. ಅದರ ಮೂತಿಯ ರಂಧ್ರಗಳು ಹಿಂದಕ್ಕೆ ತಿರುಗಿರುತ್ತವೆ. ನೂರು ಬಾರ್‌ಗೂ ಮೀರಿದ ಒತ್ತಡದಲ್ಲಿ ನೀರು ಹಿಂದಕ್ಕೆ ಚಿಮ್ಮುವಾಗ ಮೂತಿ ತಾನೇ ಮುಂದಕ್ಕೆ, ಅಂದರೆ ಹರಿವಿಗೆ ಎದುರಾಗಿ ತೆವಳುತ್ತದೆ. ಅದನ್ನು ನಿಧಾನವಾಗಿ ಹಿಂದಕ್ಕೆ ಎಳೆದಾಗ ಹೂಳೆಲ್ಲ ಗುಡಿಸಿಕೊಂಡು ಆಳುಗುಂಡಿಗೆ ಬರುತ್ತದೆ, ಅಲ್ಲಿ ಕಾದು ನಿಂತ ಹೀರುವ ಲಾರಿ ಅದನ್ನು ಎಳೆದುಕೊಳ್ಳುತ್ತದೆ. ಮಾಮೂಲಿ ಹೂಳೆತ್ತುವಿಕೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಒಂದು ಹನಿಯೂ ಕೆಳಗೆ ಹೋಗುವಂತಿಲ್ಲ.

ಮನುಷ್ಯರ ಬಗ್ಗೆ ಇಲ್ಲಿ ನಿಂತು ಮಾತನಾಡಲೇಬೇಕು. ಮುಚ್ಚಿದ ಕೊಳವೆ ಕೊಲ್ಲುವ ಜಾಗ. ಅಲ್ಲಿ ಆಮ್ಲಜನಕ ಕಡಿಮೆಯಿರಬಹುದು, ಪೆಟ್ರೋಲಿನ ಆವಿ ತುಂಬಿರಬಹುದು, ಕೊಳೆತ ಹೂಳಿನಿಂದ ಹೈಡ್ರೋಜನ್ ಸಲ್ಫೈಡ್ ಏಳಬಹುದು. ಕೊಳೆತ ಮೊಟ್ಟೆಯ ಆ ನಾತವನ್ನು ನಂಬಿ ಇಳಿಯುವವರು ಒಂದು ಸಂಗತಿ ತಿಳಿದಿರಬೇಕು: ಸುಮಾರು 100 ಪಿಪಿಎಂ ತಲುಪುವ ಹೊತ್ತಿಗೆ ಆ ಅನಿಲ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ನಾತ ನಿಂತಿತೆಂದರೆ ಅಪಾಯ ಕಳೆಯಿತೆಂದಲ್ಲ, ಹೆಚ್ಚಿತೆಂದು ಅರ್ಥವಿರಬಹುದು. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ ಯಾರೂ ಇಳಿಯಬಾರದು. ಅಳತೆ ಮಾಡದೆ, ಗಾಳಿ ಊದದೆ, ಮೇಲೆತ್ತುವ ಹಗ್ಗ ಕಟ್ಟದೆ, ಮೇಲೊಬ್ಬರು ನಿಂತು ಕಾಯದೆ ಯಾರನ್ನೂ ಇಳಿಸಬಾರದು. ಇಳಿಸದೆಯೇ ಯಂತ್ರದಿಂದ ಆಗುವ ಕೆಲಸಕ್ಕೆ ಮನುಷ್ಯರನ್ನು ಇಳಿಸುವುದು ಅಪರಾಧ ಎಂದೇ ನಾನು ಭಾವಿಸುತ್ತೇನೆ.

ಸ್ಫೋಟದ ಭಯ ಬರಿಯ ಎಚ್ಚರಿಕೆಯ ಮಾತಲ್ಲ. 1992ರ ಏಪ್ರಿಲ್ 22ರಂದು ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಒಡೆದ ಕೊಳವೆಯಿಂದ ಚರಂಡಿಗೆ ಸೇರಿದ ಪೆಟ್ರೋಲು ಹೊತ್ತಿ ಕಿಲೋಮೀಟರ್‌ಗಟ್ಟಲೆ ಬೀದಿಗಳು ಸೀಳಿದವು, 200ಕ್ಕೂ ಹೆಚ್ಚು ಜನ ಸತ್ತರು. 2014ರ ಜುಲೈ 31ರ ರಾತ್ರಿ ತೈವಾನಿನ ಕವೊಸಿಯುಂಗ್‌ನಲ್ಲಿ ಮಳೆನೀರು ಕಾಲುವೆಯ ಒಳಗಿನಿಂದಲೇ ಹಾದುಹೋಗಿದ್ದ ರಾಸಾಯನಿಕ ಕೊಳವೆ ತುಕ್ಕು ಹಿಡಿದು ಸೋರಿ ಪ್ರೊಪಿಲೀನ್ ಅನಿಲ ಸ್ಫೋಟಿಸಿತು, 32 ಜನ ಸತ್ತರು.

ತೆಗೆದದ್ದನ್ನು ಎಲ್ಲಿಗೆ ಒಯ್ಯುವುದು?

ಹೀರುವ ಲಾರಿಯಲ್ಲಿ ಬಂದದ್ದು ಹೂಳಿಗಿಂತ ಹೆಚ್ಚಾಗಿ ನೀರು. ಮೊದಲು ತೊಟ್ಟಿಗಳಲ್ಲಿ ನಿಲ್ಲಿಸಿ ಮಣ್ಣು ಇಳಿಯಗೊಡುತ್ತಾರೆ, ನುಣುಪು ಕಣಗಳು ತಾವಾಗಿ ಇಳಿಯದಿದ್ದರೆ ಅವುಗಳನ್ನು ಗೊಂಚಲುಗಟ್ಟಿಸುವ ಪಾಲಿಮರ್ ಬೆರೆಸುತ್ತಾರೆ. ಮೇಲೆ ನಿಂತ ನೀರನ್ನು ಮರಳಿನಲ್ಲಿ ಸೋಸಿ, ಆಮೇಲೆ ಸಕ್ರಿಯ ಇಂಗಾಲದ ಮೂಲಕ ಹಾಯಿಸುತ್ತಾರೆ. ಇದ್ದಿಲಿನಂಥ ಆ ಇಂಗಾಲದ ಅಸಂಖ್ಯ ರಂಧ್ರಗಳು ಕರಗಿದ ವಿಷವನ್ನು ಹಿಡಿದುಕೊಳ್ಳುತ್ತವೆ. ಪರೀಕ್ಷಿಸಿ ಸರಿಯಿದ್ದರೆ ಮಾತ್ರ ಆ ನೀರನ್ನು ಹೊರಗೆ ಬಿಡಬಹುದು. ಹೊರಗೆಂದರೆ ಸಾಮಾನ್ಯವಾಗಿ ನದಿಗಲ್ಲ, ಅನುಮತಿ ಪಡೆದು ಒಳಚರಂಡಿಗೆ.

ಹಿಂಡಿ ಒಣಗಿಸಿದ ಹೂಳು ಎಲ್ಲಿಗೆ ಹೋಗಬೇಕೆಂಬುದನ್ನು ಅದರಲ್ಲಿನ ವಿಷದ ಪ್ರಮಾಣ ತೀರ್ಮಾನಿಸುತ್ತದೆ. ಅಮೆರಿಕದ ನಿಯಮದಲ್ಲಿ ಪಿಸಿಬಿ 50 ಪಿಪಿಎಂ ದಾಟಿದರೆ ಅದಕ್ಕೆಂದೇ ಇರುವ ಕಠಿಣ ವಿಲೇವಾರಿ ಕ್ರಮ. ಲೋಹಗಳಿರುವ ಹೂಳಿಗೆ ಸಿಮೆಂಟ್ ಬೆರೆಸಿ ಗಟ್ಟಿಯಾಗಿಸಿ, ತಳಕ್ಕೆ ನೀರು ಇಂಗದ ಹಾಳೆ ಹಾಸಿದ ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಹಾಕುತ್ತಾರೆ. ಲೋಹವನ್ನು ಸುಟ್ಟು ಇಲ್ಲವಾಗಿಸಲು ಬರುವುದಿಲ್ಲ. ಪಿಸಿಬಿಯನ್ನು ಸುಡಬಹುದು, ಆದರೆ ಅದಕ್ಕೆ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆ ಬೇಕು, ಆ ಶಾಖದಲ್ಲಿ ಅನಿಲ ಎರಡು ಸೆಕೆಂಡ್ ನಿಲ್ಲಬೇಕು. ಕಡಿಮೆ ಶಾಖದಲ್ಲಿ ಸುಟ್ಟರೆ ಡಯಾಕ್ಸಿನ್, ಫ್ಯುರಾನ್‌ಗಳಂಥ ಮತ್ತೂ ಘೋರ ವಿಷಗಳು ಹುಟ್ಟುತ್ತವೆ. ಚರಂಡಿಯ ಹೂಳನ್ನು ಎತ್ತಿ ರಸ್ತೆಬದಿಯಲ್ಲಿ ರಾಶಿ ಹಾಕಿ ಒಣಗಲು ಬಿಡುವ ಪದ್ಧತಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನೆನಪಿಡಬೇಕಾದ ಮಾತು: ಒಣಗಿದ ಆ ನುಣುಪು ಪುಡಿ ಗಾಳಿಯಲ್ಲಿ ಹಾರಿ ಉಸಿರಿಗೆ ಸೇರುತ್ತದೆ, ಉಳಿದದ್ದು ಮುಂದಿನ ಮಳೆಗೆ ಅದೇ ಚರಂಡಿಗೆ ಇಳಿಯುತ್ತದೆ.

ಇನ್ನು ಕೊಳವೆಯ ಗೋಡೆ. ಕಾಂಕ್ರೀಟ್ ಎಷ್ಟೇ ಗಟ್ಟಿ ಕಂಡರೂ ಸೂಕ್ಷ್ಮ ರಂಧ್ರಗಳಿಂದ ಕೂಡಿದ ವಸ್ತು. ದಶಕಗಳ ಕಾಲ ಎಣ್ಣೆಯಂಥ ವಿಷ ಕುಡಿದ ಕೊಳವೆ ತೊಳೆದ ಮೇಲೂ ಅದನ್ನು ಮೆಲ್ಲಗೆ ಹೊರಬಿಡುತ್ತದೆ. ಬಿರುಕುಗಳ ಮೂಲಕ ಸುತ್ತಲಿನ ಕಲುಷಿತ ಅಂತರ್ಜಲವೂ ಒಳಗೆ ಜಿನುಗಬಹುದು. ಅಗೆದು ಬದಲಿಸುವುದು ಒಂದು ದಾರಿ. ಇನ್ನೊಂದು, ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಕೊಳವೆಯೊಳಗೆ ತಿರುಗಿಸಿ ಹಾಯಿಸಿ, ಬಿಸಿನೀರು, ಹಬೆ ಅಥವಾ ಅತಿನೇರಳೆ ಬೆಳಕಿನಿಂದ ಗಟ್ಟಿಯಾಗಿಸಿ ಹಳೆಯ ಕೊಳವೆಯೊಳಗೆ ಹೊಸದನ್ನು ಮಾಡುವುದು. 1971ರಲ್ಲಿ ಲಂಡನ್ನಿನಲ್ಲಿ ಮೊದಲು ಬಳಕೆಗೆ ಬಂದ ವಿಧಾನ ಇದು. ರಸ್ತೆ ಅಗೆಯಬೇಕಿಲ್ಲ ಎಂಬುದು ಇದರ ದೊಡ್ಡ ಲಾಭ. ಆದರೆ ಹಲವು ರಾಳಗಳಲ್ಲಿ ಸ್ಟೈರೀನ್ ಇರುತ್ತದೆ. ಗಟ್ಟಿಯಾಗಿಸಲು ಬಳಸಿದ ನೀರನ್ನು ಹಾಗೆಯೇ ಚರಂಡಿಗೆ ಬಿಟ್ಟರೆ ಒಂದು ವಿಷ ತೆಗೆಯಲು ಹೋಗಿ ಇನ್ನೊಂದನ್ನು ನದಿಗೆ ಕೊಟ್ಟಂತಾಗುತ್ತದೆ.

ಇಷ್ಟಕ್ಕೆಲ್ಲ ಹಣ ಕೊಡುವವರು ಯಾರು? ಕೊಳೆ ಮಾಡಿದವರೇ ಕೊಡಬೇಕೆಂಬ ತತ್ವ ಕಾನೂನಿನಲ್ಲಿದೆ, ಅಮೆರಿಕದ ಸೂಪರ್‌ಫಂಡ್ ಕಾನೂನು 1980ರಲ್ಲಿಯೇ ಅದನ್ನು ಬರೆದಿತ್ತು. ಕಂಪನಿ ಮುಚ್ಚಿಹೋಗಿದ್ದರೆ, ಅಂಗಳ ಹತ್ತು ಕೈ ಬದಲಾಗಿದ್ದರೆ ವಸೂಲಿ ಸುಲಭವಲ್ಲ. ಆದರೂ ಹೋರಾಡಿದವರಿಗೆ ಸಿಕ್ಕಿದೆ. ಪಿಸಿಬಿ ತಯಾರಿಸಿದ್ದ ಮೊನ್ಸಾಂಟೊ ಕಂಪನಿ 2020ರಲ್ಲಿ ವಾಷಿಂಗ್ಟನ್ ರಾಜ್ಯಕ್ಕೆ 9.5 ಕೋಟಿ ಡಾಲರ್, 2024ರಲ್ಲಿ ಸಿಯಾಟಲ್ ನಗರಕ್ಕೆ 16 ಕೋಟಿ ಡಾಲರ್ ಕೊಡಲು ಒಪ್ಪಿತು.

ಮೂಲವೇ ರಸ್ತೆಯಾದಾಗ

ಟೈರು, ಬ್ರೇಕ್, ಧೂಳಿನಿಂದ ಬರುವ ವಿಷಕ್ಕೆ ಮೊಕದ್ದಮೆ ಹೂಡಲು ಒಬ್ಬ ಪ್ರತಿವಾದಿ ಇಲ್ಲ. ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಮೊಟ್ಟೆಯಿಡಲು ನಗರದ ತೊರೆಗಳಿಗೆ ಹಿಂದಿರುಗುವ ಕೋಹೊ ಸಾಲ್ಮನ್ ಮೀನುಗಳು ಮಳೆ ಬಂದ ಮೇಲೆ ಮೊಟ್ಟೆಯಿಡುವ ಮೊದಲೇ ಬಾಯಿ ಬಿಟ್ಟು ಸುತ್ತಿ ಸಾಯುತ್ತಿದ್ದವು. ಕಾರಣ ಹಲವು ವರ್ಷ ತಿಳಿಯಲಿಲ್ಲ. 2020ರ ಡಿಸೆಂಬರ್‌ನಲ್ಲಿ ಉತ್ತರ ಪ್ರಕಟವಾಯಿತು: ಟೈರು ಬಿರುಕು ಬಿಡದಂತೆ ರಬ್ಬರಿಗೆ ಬೆರೆಸುವ 6ಪಿಪಿಡಿ ಎಂಬ ವಸ್ತು ಗಾಳಿಯ ಓಜೋನಿನೊಡನೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ, ಅದು ಅತಿ ಕಡಿಮೆ ಪ್ರಮಾಣದಲ್ಲಿಯೇ ಈ ಮೀನುಗಳನ್ನು ಕೊಲ್ಲುತ್ತದೆ.

ಇಂಥದ್ದಕ್ಕೆ ಎರಡೇ ದಾರಿ. ಒಂದು, ವಸ್ತುವನ್ನೇ ಬದಲಿಸುವುದು. ತಾಮ್ರದ ವಿಷಯದಲ್ಲಿ ಇದು ಆಗಿದೆ. ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಬ್ರೇಕ್ ಪ್ಯಾಡ್‌ಗಳಲ್ಲಿನ ತಾಮ್ರಕ್ಕೆ ಹಂತಹಂತವಾದ ಮಿತಿ ಹಾಕಿದವು, 2025ಕ್ಕೆ ಅದು ಶೇ 0.5ಕ್ಕೆ ಇಳಿಯಬೇಕೆಂದು ಗೊತ್ತುಮಾಡಿದವು. ಇನ್ನೊಂದು, ರಸ್ತೆಯ ನೀರು ಕೊಳವೆ ಸೇರುವ ಮೊದಲು ಅದನ್ನು ಮಣ್ಣಿನಲ್ಲಿ ಇಂಗಿಸುವುದು: ಮರಳು, ಗೊಬ್ಬರ, ಮಣ್ಣು ಬೆರೆಸಿ ಗಿಡ ನೆಟ್ಟ ತಗ್ಗು ಪಾತಿಗಳು. ಕೋಹೊ ಮೀನುಗಳನ್ನು ಕೊಲ್ಲುತ್ತಿದ್ದ ರಸ್ತೆನೀರನ್ನು ಇಂಥ ಮಣ್ಣಿನ ಪದರದ ಮೂಲಕ ಹಾಯಿಸಿ ಮೀನುಗಳನ್ನು ಬಿಟ್ಟಾಗ ಅವು ಬದುಕಿದವು. ಆ ಪ್ರಯೋಗದ ಬಗ್ಗೆ ಓದಿದಾಗ ನನಗಾದ ಸಂತೋಷ ಇನ್ನೂ ಹಾಗೆಯೇ ಇದೆ. ಪಾತಿಯ ಮೇಲ್ಪದರದಲ್ಲಿ ಲೋಹ ಕೂಡುತ್ತ ಹೋಗುವುದರಿಂದ ಕೆಲವು ವರ್ಷಕ್ಕೊಮ್ಮೆ ಆ ಮಣ್ಣನ್ನು ತೆಗೆದು ಬದಲಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಕೊಳವೆ ತೊಳೆದು ಬಿರಡೆ ತೆಗೆದು ಲಾರಿಗಳು ಹೋದ ಮೇಲೂ ಕೆಲಸ ಉಳಿದಿರುತ್ತದೆ. ಮೊದಲು ಹುಡುಕಾಟಕ್ಕೆ ಕಟ್ಟಿದ್ದ ಅದೇ ಜಾಗಗಳಲ್ಲಿ ಬಾಟಲಿಗಳನ್ನು ಮತ್ತೆ ಕಟ್ಟುತ್ತಾರೆ. ಒಂದು ಮಳೆಗಾಲ ಪೂರ್ತಿ ಕಾಯುತ್ತಾರೆ. ಬಿಚ್ಚಿ ತಂದ ಬಾಟಲಿಯ ತಳದಲ್ಲಿ ಬೆರಳಗಲ ಹೂಳು ಸಿಕ್ಕಿರುತ್ತದೆ, ಅದು ಪ್ರಯೋಗಾಲಯಕ್ಕೆ ಹೋಗುತ್ತದೆ. 40 ಇದ್ದಲ್ಲಿ ಈಗ 0.3 ಬಂದರೆ ಮುಂದಿನ ಕೊಂಬೆಗೆ ಹೋಗಬಹುದು. 12 ಬಂದರೆ ಆ ಎರಡು ಆಳುಗುಂಡಿಗಳ ನಡುವೆ ಇನ್ನೂ ನೋಡದ ಅಂಗಳವೊಂದು ಇದೆ. ಮುಚ್ಚಳವನ್ನು ಮತ್ತೆ ತೆರೆಯಬೇಕು.